ಮಂಜುಗಡ್ಡೆಯ ಅಂಚಿನಲ್ಲಿ ಕಲಿತ ಪಾಠ

(ಬಳಗದ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ನಾರ್ವೆ ದೇಶಕ್ಕೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹದ ಮುಖ್ಯ ಊರು ಲಾಂಗ್‌ಇಯರ್‌ಬೈನ್. ಅದು ಇರುವುದು 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. 2025ರ ಜುಲೈ ತಿಂಗಳಿನಲ್ಲಿ ಅಲ್ಲಿಂದ ಹೊರಟ ಸಣ್ಣ ಹಡಗೊಂದರಲ್ಲಿ ಪಯಣಿಸುವ ಅವಕಾಶ ನನಗೆ ಒದಗಿತ್ತು. ಸೂರ್ಯನು ಮುಳುಗದ ಕಾಲವದು. ಅಲ್ಲಿ ಕಂಡದ್ದನ್ನೂ, ಕಂಡ ಮೇಲೆ ಕಾಡಿದ್ದನ್ನೂ ತಮ್ಮ ಮುಂದೆ ಇಡಬಯಸುತ್ತೇನೆ.

ಹಿನ್ಲೋಪನ್ ಜಲಸಂಧಿಯ ಕಡಿದಾದ ಬಂಡೆಗಳ ಮೇಲೆ ಸಾವಿರಾರು ಗಿಲಿಮಾಟ್ ಹಕ್ಕಿಗಳು ಗೂಡನ್ನೇ ಕಟ್ಟದೆ, ಬರಿಗಲ್ಲಿನ ಮೇಲೆ ಸಂಸಾರ ಹೂಡಿದ್ದವು. ಮುಂದೆ ಸಮುದ್ರದ ತುಂಬ ತೇಲುವ ಮಂಜುಗಡ್ಡೆ. ಅದರ ಮೇಲೊಂದು ಹಿಮಕರಡಿ, ಸೀಲ್ ಪ್ರಾಣಿ ಉಸಿರಾಡಲು ಮೇಲೆ ಬರುವ ರಂಧ್ರದ ಬಳಿ ಅಲುಗದೆ ಮಲಗಿತ್ತು. ಕಪ್ತಾನರು ದೂರದಲ್ಲಿಯೇ ಹಡಗನ್ನು ನಿಲ್ಲಿಸಿದರು. ದುರ್ಬೀನಿಲ್ಲದೆ ನೋಡಿದರೆ ಅದು ಹಳದಿ ಚುಕ್ಕೆಯಷ್ಟೆ.

ಇನ್ನೂ ಹತ್ತಿರ ಹೋಗೋಣವೆಂದು ಸಹಯಾತ್ರಿಯೊಬ್ಬರು ಒತ್ತಾಯಿಸಿದರು. ಮಾರ್ಗದರ್ಶಕಿ ಒಪ್ಪಲಿಲ್ಲ. "ಅದು ಬೇಟೆಗೆ ಕಾದು ಕುಳಿತಿದೆ. ನಮ್ಮಿಂದಾಗಿ ಎದ್ದು ಹೋದರೆ ಅದರ ಇಂದಿನ ಹಸಿವು ನಮ್ಮ ಲೆಕ್ಕಕ್ಕೆ ಸೇರುತ್ತದೆ" ಎಂದರು. ಒಂದು ಗಂಟೆ ಕಳೆದರೂ ಸೀಲ್ ಬರಲಿಲ್ಲ. ಕರಡಿಯನ್ನು ಅದರ ಪಾಡಿಗೆ ಬಿಟ್ಟು ನಾವೇ ಹಿಂದಿರುಗಿದೆವು.

ಇದು ಕೇವಲ ಸೌಜನ್ಯವಲ್ಲ, ಕಾನೂನು. 2025ರ ಜನವರಿಯಿಂದ ಅಲ್ಲಿ ಹಿಮಕರಡಿಯಿಂದ ಕನಿಷ್ಠ 300 ಮೀಟರ್, ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರ್ ದೂರವಿರಬೇಕು. ದೂರ ತಪ್ಪಿದರೆ ಆಗುವ ಅನಾಹುತಕ್ಕೂ ನಿದರ್ಶನವಿದೆ. 2018ರ ಜುಲೈನಲ್ಲಿ ಇದೇ ದ್ವೀಪಸಮೂಹದಲ್ಲಿ, ದಡಕ್ಕಿಳಿದ ಪ್ರವಾಸಿ ಹಡಗಿನ ಕಾವಲುಗಾರನೊಬ್ಬನ ಮೇಲೆ ಕರಡಿ ಎರಗಿತು. ಆತ ಗಾಯಗೊಂಡನು, ಕರಡಿ ಗುಂಡಿಗೆ ಬಲಿಯಾಯಿತು.

ಮಿತ್ರರೇ, ಮಂಜುಗಡ್ಡೆಯನ್ನು ಬರಿಯ ಹೆಪ್ಪುಗಟ್ಟಿದ ನೀರೆಂದು ಭಾವಿಸಬಾರದು. ಅದರ ತಳದಲ್ಲಿ ಪಾಚಿ ಬೆಳೆಯುತ್ತದೆ. ಪಾಚಿಯನ್ನು ಸಣ್ಣ ಜಲಜೀವಿಗಳು, ಅವನ್ನು ಮೀನು, ಮೀನನ್ನು ಸೀಲ್, ಸೀಲನ್ನು ಕರಡಿ ಅವಲಂಬಿಸಿವೆ. ನಮಗೆ ಮಣ್ಣು ಹೇಗೋ ಅವುಗಳಿಗೆ ಮಂಜುಗಡ್ಡೆ ಹಾಗೆ. ಅದು ಕರಗುತ್ತಿದೆ. 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶವು ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. 2012ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸಮುದ್ರದ ಮಂಜುಗಡ್ಡೆ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಕುಗ್ಗಿತ್ತು. ಬಿಳಿಯ ಮಂಜು ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ. ಅದು ಕರಗಿದಲ್ಲಿ ತೆರೆದುಕೊಳ್ಳುವ ಕಪ್ಪು ನೀರು ಬಿಸಿಲನ್ನು ಹೀರಿಕೊಂಡು ಇನ್ನಷ್ಟು ಮಂಜನ್ನು ಕರಗಿಸುತ್ತದೆ.

ಇದು ದೂರದ ದೇಶದ ಸುದ್ದಿಯೆಂದು ಸುಮ್ಮನಿರುವಂತಿಲ್ಲ. ಭಾರತವು 2008ರಲ್ಲಿ ಸ್ವಾಲ್ಬಾರ್ಡಿನಲ್ಲಿಯೇ 'ಹಿಮಾದ್ರಿ' ಎಂಬ ಸಂಶೋಧನಾ ಕೇಂದ್ರವನ್ನು ತೆರೆಯಿತು. ಆರ್ಕ್ಟಿಕ್ ಹವಾಮಾನಕ್ಕೂ ನಮ್ಮ ಮುಂಗಾರಿಗೂ ಇರುವ ನಂಟನ್ನು ಅರಿಯುವುದು ಅದರ ಉದ್ದೇಶಗಳಲ್ಲೊಂದು.

ಕೊನೆಯದಾಗಿ ಒಂದು ತಪ್ಪೊಪ್ಪಿಗೆ. ಕರಡಿಯಿಂದ ನಾವು ದೂರ ನಿಂತೆವು, ನಿಜ. ಆದರೆ ನನ್ನನ್ನು ಅಲ್ಲಿಗೆ ಒಯ್ದ ವಿಮಾನದ, ಹಡಗಿನ ಹೊಗೆ ದೂರ ನಿಲ್ಲಲಿಲ್ಲ. ಕರಗುವುದನ್ನು ನೋಡಲು ಹೋದವನು ಕರಗಿಸುವುದರಲ್ಲಿಯೂ ಪಾಲುಗಾರನಾದೆ. ಆದ್ದರಿಂದ ನಾನು ಮತ್ತೆ ಅಲ್ಲಿಗೆ ಹೋಗಲಾರೆ. ಆನೆ ಎದುರಾದರೆ ದಾರಿ ಬಿಟ್ಟು ನಿಲ್ಲುವುದನ್ನು ಕಾಡಂಚಿನ ತಮಗೆ ಯಾರೂ ಕಲಿಸಬೇಕಿಲ್ಲ. ಕಣ್ಣಿಗೆ ಕಾಣದಷ್ಟು ದೂರದಲ್ಲಿರುವ ಜೀವಿಗೂ ಹಾಗೆಯೇ ದಾರಿ ಬಿಡುವುದನ್ನು ನಾವೆಲ್ಲರೂ ಕಲಿಯಬೇಕಾಗಿದೆ.