ಮನೆಯಲ್ಲಿ ಕಟ್ಟಿದ ಶಬ್ದವರ್ಧಕ ಯಂತ್ರ ಮತ್ತು ಅದರ ಬಯಾಸು ದೋಷಗಳು



ಗ್ರಾಮಫೋನಿನ ಮುಳ್ಳು ತಟ್ಟೆಯ ಗೆರೆಯಿಂದ ಎತ್ತಿಕೊಡುವ ವಿದ್ಯುತ್ತು ಬಹಳ ಕ್ಷೀಣವಾದದ್ದು. ಅದು ಲೌಡ್‌ಸ್ಪೀಕರಿನ ಕಾಗದವನ್ನು ಅಲುಗಿಸಿ, ಮನೆಮಂದಿಯೆಲ್ಲ ಕುಳಿತು ಕೇಳುವಷ್ಟು ಧ್ವನಿಯನ್ನು ಹೊರಡಿಸಬೇಕಾದರೆ ನಡುವೆ ಒಂದು ಶಬ್ದವರ್ಧಕ ಯಂತ್ರ, ಎಂದರೆ ಆಂಪ್ಲಿಫೈಯರು, ಇರಬೇಕು. ಈ ಯಂತ್ರವನ್ನು ಅಂಗಡಿಯಿಂದ ತರದೆ, ವಾಲ್ವು, ಟ್ರಾನ್ಸ್‌ಫಾರ್ಮರು, ಕಂಡೆನ್ಸರುಗಳನ್ನು ಬಿಡಿಬಿಡಿಯಾಗಿ ಸಂಗ್ರಹಿಸಿ, ತಗಡಿನ ಪೀಠದ ಮೇಲೆ ಸ್ವಹಸ್ತದಿಂದ ಬೆಸೆದು ಕಟ್ಟಿಕೊಳ್ಳುವ ಹವ್ಯಾಸಿಗಳು ಹಿಂದೆಯೂ ಇದ್ದರು. ಟ್ರಾನ್ಸಿಸ್ಟರು ಬಂದು ಎಷ್ಟೋ ದಶಕಗಳು ಕಳೆದಿರುವ ಇಂದಿಗೂ ಇದ್ದಾರೆ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ 30 ವಾಟಿನ ಪ್ರೇಷಕಯಂತ್ರವನ್ನಿಟ್ಟು ಆಕಾಶವಾಣಿಯನ್ನು ಆರಂಭಿಸಿದರೆಂಬುದನ್ನು ನೆನೆದರೆ, ಮನೆಯ ಮೇಜಿನ ಮೇಲೆ ನಡೆಯುವ ಇಂಥ ಕೆಲಸವನ್ನು ಹುಡುಗಾಟವೆಂದು ಕಡೆಗಾಣಿಸುವಂತಿಲ್ಲ.

ಇಂಥ ಯಂತ್ರಗಳಲ್ಲಿ ತಲೆದೋರುವ ಕಾಯಿಲೆಗಳೊಳಗೆ ಬಹು ಸಾಮಾನ್ಯವಾದುದೂ, ಬಹು ಸುಲಭವಾಗಿ ನಮ್ಮನ್ನು ದಾರಿ ತಪ್ಪಿಸುವಂಥದೂ ಬಯಾಸಿನ ದೋಷ. ನಾವು ಸ್ವತಃ ಅದರಲ್ಲಿ ಎಡವಿದವರಾದ್ದರಿಂದ, ಆ ಅನುಭವವನ್ನೇ ಆಧಾರವಾಗಿಟ್ಟುಕೊಂಡು ನಾಲ್ಕು ಮಾತುಗಳನ್ನು ಅರಿಕೆ ಮಾಡಬೇಕೆಂದಿದ್ದೇವೆ.

ಮೊದಲು ಬಯಾಸೆಂದರೇನೆಂಬುದನ್ನು ತಿಳಿಯೋಣ. ವಾಲ್ವಿನೊಳಗೆ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು ಪ್ಲೇಟನ್ನು ಸೇರುತ್ತವೆ. 1904ರಲ್ಲಿ ಫ್ಲೆಮಿಂಗ್ ಎಂಬ ವಿದ್ವಾಂಸರು ನಿರ್ಮಿಸಿದ ವಾಲ್ವಿನಲ್ಲಿ ಈ ಎರಡು ಅಂಗಗಳು ಮಾತ್ರವೇ ಇದ್ದುವು. 1906ರಲ್ಲಿ ಅಮೆರಿಕದ ಡಿ ಫಾರೆಸ್ಟರು ಮೂರನೆಯ ಅಂಗವೊಂದನ್ನು ಕೂಡಿಸಿದರು. ಕ್ಯಾಥೋಡಿಗೂ ಪ್ಲೇಟಿಗೂ ನಡುವೆ ನಿಲ್ಲುವ ಗ್ರಿಡ್ಡು ಅದರಿಂದ ಹುಟ್ಟಿತು. ಕ್ಯಾಥೋಡನ್ನು ಕೆರೆಯೆಂದೂ ಪ್ಲೇಟನ್ನು ಗದ್ದೆಯೆಂದೂ ಭಾವಿಸಿದರೆ, ಗ್ರಿಡ್ಡು ಕೆರೆಯ ತೂಬಿನಂತೆ. ಗ್ರಿಡ್ಡು ಕ್ಯಾಥೋಡಿಗಿಂತ ಎಷ್ಟು ಹೆಚ್ಚು ಋಣವಾಗಿರುವುದೋ ತೂಬು ಅಷ್ಟು ಹೆಚ್ಚು ಮುಚ್ಚಿರುತ್ತದೆ. ಸಂಗೀತವು ಈ ತೂಬನ್ನು ಕ್ಷಣಕ್ಷಣಕ್ಕೂ ಮೇಲೆತ್ತಿ ಕೆಳಗಿಳಿಸುತ್ತಿರುವುದು. ಸಂಗೀತವಿಲ್ಲದೆ ವಾಲ್ವು ಸುಮ್ಮನಿರುವಾಗ ತೂಬು ಎಷ್ಟು ತೆರೆದು ನಿಂತಿರಬೇಕೆಂದು ನಿಶ್ಚಯಿಸುವ ವೋಲ್ಟೇಜೇ ಬಯಾಸು. ಅದು ಅತಿಯಾಗಿ ಮುಚ್ಚಿದ್ದರೆ ಸಂಗೀತದ ಒಂದು ಪಾರ್ಶ್ವ ಕತ್ತರಿಸಿಹೋಗಿ ಧ್ವನಿ ಒಡೆಯುವುದು; ಅತಿಯಾಗಿ ತೆರೆದಿದ್ದರೆ ಪ್ರವಾಹ ಮಿತಿಮೀರಿ ವಾಲ್ವು ಬೆಂದುಹೋಗುವುದು.

ಹಿಂದಿನ ಬ್ಯಾಟರಿ ರೇಡಿಯೋಗಳಲ್ಲಿ ಬಯಾಸಿಗೆಂದೇ ಪ್ರತ್ಯೇಕವಾದ ‘ಸಿ’ ಬ್ಯಾಟರಿಯೊಂದು ಇರುತ್ತಿತ್ತು. ಮೈನ್ಸಿನಿಂದ ನಡೆಯುವ ಸಣ್ಣ ಯಂತ್ರಗಳಲ್ಲಿ ಬೇರೆ ಉಪಾಯವುಂಟು. ಗ್ರಿಡ್ಡನ್ನು ಒಂದು ದೊಡ್ಡ ರೆಸಿಸ್ಟರಿನ ಮೂಲಕ ಪೀಠಕ್ಕೆ ಕಟ್ಟಿ, ಕ್ಯಾಥೋಡಿಗೂ ಪೀಠಕ್ಕೂ ನಡುವೆ ಒಂದು ಚಿಕ್ಕ ರೆಸಿಸ್ಟರನ್ನು ಇಡುತ್ತಾರೆ. ವಾಲ್ವಿನ ಪ್ರವಾಹವೇ ಈ ಚಿಕ್ಕ ರೆಸಿಸ್ಟರಿನಲ್ಲಿ ಹರಿದು ಕ್ಯಾಥೋಡನ್ನು ಮೇಲಕ್ಕೆತ್ತುವುದು. ಕ್ಯಾಥೋಡು ಮೇಲೇರಿದಷ್ಟು ಗ್ರಿಡ್ಡು ಅದಕ್ಕಿಂತ ಋಣವಾದಂತಾಯಿತು. ಪ್ರವಾಹ ಹೆಚ್ಚಿದರೆ ಬಯಾಸೂ ತಾನಾಗಿ ಹೆಚ್ಚಿ, ಪ್ರವಾಹವನ್ನು ಸ್ವಲ್ಪ ಹಿಂದಕ್ಕೆಳೆಯುವುದು. ಕಾಲುವೆಯಲ್ಲಿ ನೀರು ಏರಿದ್ದನ್ನು ನೋಡಿ ತೂಬನ್ನು ಇಳಿಸುವ ನೀರುಗಂಟಿಯಂತೆ ಈ ರೆಸಿಸ್ಟರು ಕೆಲಸ ಮಾಡುತ್ತದೆ.

ಇನ್ನು ನಮ್ಮ ಕಥೆ. ಮನೆಯಲ್ಲಿದ್ದ 78 ಸುತ್ತಿನ ಹಳೆಯ ತಟ್ಟೆಗಳನ್ನು ವೃದ್ಧರಾದ ತಾಯಿಯವರಿಗೆ ಕೇಳಿಸಬೇಕೆಂದು ನಾವು ಒಂದು ಪುಟ್ಟ ಆಂಪ್ಲಿಫೈಯರನ್ನು ಕಟ್ಟಿದೆವು. ಅದರ ಕೊನೆಯ ವಾಲ್ವು 6ವಿ6 ಎಂಬುದು. 1936ರ ಅಂತ್ಯದಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ವಾಲ್ವು ಇಂದಿಗೂ ಹೊಸದಾಗಿ ತಯಾರಾಗುತ್ತಿದೆ. ಪ್ಲೇಟಿಗೂ ಸ್ಕ್ರೀನಿಗೂ 250 ವೋಲ್ಟು ಕೊಟ್ಟು, ಗ್ರಿಡ್ಡನ್ನು ಕ್ಯಾಥೋಡಿಗಿಂತ 12.5 ವೋಲ್ಟು ಋಣವಾಗಿಟ್ಟರೆ, ಪ್ಲೇಟಿನಲ್ಲಿ 45 ಮಿಲಿಯಾಂಪಿಯರ್, ಸ್ಕ್ರೀನಿನಲ್ಲಿ ನಾಲ್ಕೂವರೆ ಮಿಲಿಯಾಂಪಿಯರ್, ಒಟ್ಟು ಸುಮಾರು 50 ಮಿಲಿಯಾಂಪಿಯರ್ ಹರಿಯಬೇಕೆಂದು ತಯಾರಕರ ಪಟ್ಟಿ ಹೇಳುತ್ತದೆ. ಆದಕಾರಣ ನಾವು ಕ್ಯಾಥೋಡಿಗೆ 250 ಓಮಿನ ರೆಸಿಸ್ಟರನ್ನು ಹಾಕಿದೆವು. ಯಂತ್ರವನ್ನು ಹಚ್ಚಿದೊಡನೆ ಕ್ಯಾಥೋಡಿನಲ್ಲಿ ಸರಿಯಾಗಿ ಹನ್ನೆರಡೂವರೆ ವೋಲ್ಟು ಕಂಡಿತು. ನಮ್ಮ ಹಿಗ್ಗಿಗೆ ಪಾರವಿರಲಿಲ್ಲ.

ಮೂರನೆಯ ತಟ್ಟೆ ಸುತ್ತುತ್ತಿರುವಾಗ ತಾಯಿಯವರು, “ಹಾಡುವವಳ ಗಂಟಲು ಕಟ್ಟಿದ ಹಾಗಿದೆಯಲ್ಲಪ್ಪ” ಎಂದರು. ತಟ್ಟೆ ಸವೆದಿರಬೇಕೆಂದು ನಾವು ಸಮಾಧಾನ ಹೇಳಿದೆವು. ಒಂದು ಗಂಟೆಯಾಗುವ ಹೊತ್ತಿಗೆ ಟ್ರಾನ್ಸ್‌ಫಾರ್ಮರು ಮುಟ್ಟಲಾರದಷ್ಟು ಬಿಸಿಯಾಯಿತು. ದೀಪವನ್ನಾರಿಸಿ ನೋಡಿದರೆ, ವಾಲ್ವಿನ ಕಪ್ಪು ಪ್ಲೇಟಿನ ಮೇಲೆ ಮಸುಕಾದ ಕೆಂಪು ಕಲೆಯೊಂದು ಕಾಣಿಸಿತು. ಪ್ಲೇಟು ಕೆಂಪಾಗುವುದೆಂದರೆ ವಾಲ್ವಿನ ಆಯುಸ್ಸು ಉರಿದುಹೋಗುತ್ತಿದೆಯೆಂದು ಅರ್ಥ. ಕ್ಯಾಥೋಡಿನ ವೋಲ್ಟೇಜನ್ನು ಅಳೆದೆವು. ಅದು 18ಕ್ಕೆ ಏರಿತ್ತು.

ಇಲ್ಲಿ ನಾವು ಮಾಡಿದ ತಪ್ಪನ್ನು ಮರೆಮಾಚುವುದಿಲ್ಲ. 18 ವೋಲ್ಟಾದರೆ ಬಯಾಸು ಹೆಚ್ಚಾಗಿದೆ, ತೂಬು ಇನ್ನಷ್ಟು ಮುಚ್ಚಿದೆ. ಹಾಗಿದ್ದೂ ಪ್ಲೇಟು ಕೆಂಪಾಗುವುದು ಹೇಗೆಂದು ಮೊದಲು ಬೆರಗಾದೆವು. ಆಮೇಲೆ, ರೆಸಿಸ್ಟರು ಸಾಲದೆ ಬಂದಿರಬೇಕೆಂದು ಊಹಿಸಿ, ಅದನ್ನು ತೆಗೆದು 400 ಓಮಿನದನ್ನು ಬೆಸೆದೆವು. ಕೆಂಪು ಮಾಯವಾಯಿತು. ಕಾಯಿಲೆ ವಾಸಿಯಾಯಿತೆಂದು ತಿಳಿದೆವು. ಕೆಲವು ವಾರಗಳ ಮೇಲೆ ಅದೇ ಕೆಂಪು ಮರಳಿ ಬಂದಿತು. ನಾವು ಊಟಕ್ಕೆ ಎದ್ದುಹೋಗಿದ್ದಾಗ ವಾಲ್ವು ನಿಸ್ಸತ್ವವಾಗಿ, ಹಾಡು ಅರ್ಧದಲ್ಲಿ ಅಡಗಿತು.

ತಪ್ಪಿದ್ದದ್ದು ಎಲ್ಲಿ? ಬಯಾಸೆಂಬುದು ಒಂದು ತಂತಿಯ ಮೇಲೆ ಇರುವ ವೋಲ್ಟೇಜಲ್ಲ. ಗ್ರಿಡ್ಡಿಗೂ ಕ್ಯಾಥೋಡಿಗೂ ಇರುವ ಅಂತರ. ಗ್ರಿಡ್ಡು ಪೀಠದ ಮಟ್ಟದಲ್ಲಿಯೇ ಇದೆಯೆಂದು ನಾವು ಪರೀಕ್ಷಿಸದೆ ನಂಬಿದ್ದೆವು. ಕ್ಯಾಥೋಡಿನ 18 ವೋಲ್ಟು ನಮಗೆ ಹೇಳುತ್ತಿದ್ದುದು ಬಯಾಸನ್ನಲ್ಲ, ಪ್ರವಾಹವನ್ನು. ಹದಿನೆಂಟನ್ನು 250ರಿಂದ ಭಾಗಿಸಿದರೆ 72 ಮಿಲಿಯಾಂಪಿಯರ್. ಅದರಲ್ಲಿ ಸ್ಕ್ರೀನಿನ ಪಾಲನ್ನು ಕಳೆದು, ಪ್ಲೇಟಿನ ವೋಲ್ಟೇಜಿನಿಂದ ಗುಣಿಸಿದರೆ ಪ್ಲೇಟು ಸಹಿಸುತ್ತಿದ್ದ ತಾಪ ಸುಮಾರು 15 ವಾಟಾಗುವುದು. ಪಟ್ಟಿಯಲ್ಲಿ ವಿಧಿಸಿರುವ ಮಿತಿಯಾದರೋ 12 ವಾಟು. ಈ ಸಣ್ಣ ಲೆಕ್ಕವನ್ನು ಮೊದಲ ದಿನವೇ ಮಾಡಿದ್ದರೆ ಒಂದು ವಾಲ್ವು ಉಳಿಯುತ್ತಿತ್ತು.

ಗ್ರಿಡ್ಡನ್ನು ನಾವು ಅಳೆಯಲೇ ಇಲ್ಲವೆಂದಲ್ಲ, ಅಳೆದಿದ್ದೆವು. ಆದರೆ ನಮ್ಮ ಹಳೆಯ ಮುಳ್ಳಿನ ಮೀಟರು ಒಂದು ವೋಲ್ಟಿಗೆ 1000 ಓಮಿನಂತೆ ಕಟ್ಟಿದ್ದು. 10 ವೋಲ್ಟಿನ ಅಳತೆಯಲ್ಲಿ ಅದರ ಒಟ್ಟು ರೋಧ 10,000 ಓಮು ಮಾತ್ರ. ಗ್ರಿಡ್ಡಿನ ರೆಸಿಸ್ಟರಾದರೋ 4,70,000 ಓಮು. ಮೀಟರನ್ನು ಮುಟ್ಟಿಸಿದೊಡನೆ ಅಲ್ಲಿದ್ದ ಅತ್ಯಲ್ಪ ಪ್ರವಾಹವೆಲ್ಲ ಮೀಟರಿನ ಮೂಲಕವೇ ಇಳಿದುಹೋಗಿ, ಮುಳ್ಳು ಸೊನ್ನೆಯನ್ನು ಬಿಟ್ಟು ಕದಲಲೇ ಇಲ್ಲವೆನ್ನಬಹುದು. ಹತ್ತು ಮೆಗೋಮು ರೋಧವುಳ್ಳ ಈಗಿನ ಡಿಜಿಟಲ್ ಮೀಟರನ್ನು ಎರವಲು ತಂದು ನೋಡಿದ ಮೇಲೆಯೇ ನಿಜ ಹೊರಬಿದ್ದಿತು. ಹೊಸ ವಾಲ್ವನ್ನೂ ಮೊದಲಿನ 250 ಓಮನ್ನೂ ಹಾಕಿ ಒಂದು ಗಂಟೆ ಕಾಯಿಸಿದಾಗ, ಕ್ಯಾಥೋಡಿನಲ್ಲಿ ಮತ್ತೆ ಅದೇ 18 ವೋಲ್ಟು; ಗ್ರಿಡ್ಡಿನಲ್ಲಿ ಧನ 10 ವೋಲ್ಟು! ಹಾಗಾದರೆ ನಿಜವಾದ ಬಯಾಸು ಹದಿನೆಂಟೂ ಅಲ್ಲ, ಹನ್ನೆರಡೂವರೆಯೂ ಅಲ್ಲ. ಎಂಟೇ ಎಂಟು ವೋಲ್ಟು. ತೂಬು ಮುಚ್ಚಿರಲಿಲ್ಲ, ತೆರೆದುಕೊಂಡಿತ್ತು.

ಗ್ರಿಡ್ಡಿಗೆ ಧನ ವೋಲ್ಟೇಜು ಬರುವ ದಾರಿಗಳು ಮುಖ್ಯವಾಗಿ ಎರಡು. ಒಂದನೆಯದು, ಮೊದಲ ವಾಲ್ವಿನ ಪ್ಲೇಟಿನಿಂದ ಈ ಗ್ರಿಡ್ಡಿಗೆ ಸಂಗೀತವನ್ನು ದಾಟಿಸುವ ಕಂಡೆನ್ಸರು. ಅದು ಸಂಗೀತವನ್ನು ಬಿಟ್ಟು, ಹಿಂದಿನ ಸುಮಾರು 150 ವೋಲ್ಟನ್ನು ತಡೆಯಬೇಕು, ಹಳತಾದರೆ ಸೋರುತ್ತದೆ. ಎರಡನೆಯದು ವಾಲ್ವೇ. ಅದರೊಳಗೆ ಅನಿಲ ಸೇರಿದ್ದರೆ, ಅಥವಾ ಗ್ರಿಡ್ಡೇ ಕಾದು ಎಲೆಕ್ಟ್ರಾನುಗಳನ್ನು ಹೊರಸೂಸತೊಡಗಿದರೆ, ಅದೇ ಫಲ ಕಾಣುವುದು. ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಸುಲಭ. ಯಂತ್ರವನ್ನು ನಿಲ್ಲಿಸಿ, ಕೊನೆಯ ವಾಲ್ವನ್ನು ಕಿತ್ತು, ಮತ್ತೆ ಹಚ್ಚಿ, ಬರಿದಾದ ಸಾಕೆಟ್ಟಿನ ಗ್ರಿಡ್ಡಿನ ಕಾಲನ್ನು ಅಳೆಯಬೇಕು. ವೋಲ್ಟೇಜು ಅಲ್ಲಿಯೇ ಉಳಿದಿದ್ದರೆ ಅಪರಾಧಿ ಕಂಡೆನ್ಸರು, ಮಾಯವಾಗಿದ್ದರೆ ವಾಲ್ವು. ವಾಲ್ವಿನ ಹೊರೆ ತಪ್ಪಿದಾಗ ಸರಬರಾಜಿನ ವೋಲ್ಟೇಜು ಏರುವುದರಿಂದ, ಶೋಧಕ ಕಂಡೆನ್ಸರುಗಳು ಅದನ್ನು ತಡೆಯಬಲ್ಲವೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ನಮ್ಮಲ್ಲಿ ವೋಲ್ಟೇಜು ಉಳಿಯಿತು. ಹಳೆಯ ರೇಡಿಯೋವೊಂದರಿಂದ, ಉಳಿತಾಯವೆಂದು ನಾವೇ ಬಿಚ್ಚಿ ತಂದಿದ್ದ ಕಂಡೆನ್ಸರು ಅದು. ಹಾಕುವ ಮೊದಲು ಓಮ್‌ಮೀಟರಿನಿಂದ ನೋಡಿದಾಗ ನಿರ್ದೋಷಿಯಾಗಿ ಕಂಡಿತ್ತು. ಆದರೆ ಮೀಟರಿನೊಳಗಿನ ಪುಟ್ಟ ಬ್ಯಾಟರಿಯ ಒತ್ತಡವೆಲ್ಲಿ, 150 ವೋಲ್ಟಿನ ಒತ್ತಡವೆಲ್ಲಿ! ಅದರಲ್ಲಿಯೂ ಇದು ಬಿಸಿಯಾದ ಮೇಲೆ ಮಾತ್ರ ಸೋರುತ್ತಿತ್ತು. ಸೋರಿದ್ದಾದರೂ ಎಷ್ಟು? ಸುಮಾರು 21 ಮೈಕ್ರೋಆಂಪಿಯರ್, ಎಂದರೆ ಒಂದು ಆಂಪಿಯರಿನ ಐವತ್ತು ಸಾವಿರದಲ್ಲೊಂದು ಭಾಗ. ಅಷ್ಟೇ ಸಾಕಾಯಿತು. ಹೊಸ ಕಂಡೆನ್ಸರನ್ನು ಹಾಕಿದ ಮೇಲೆ ಕ್ಯಾಥೋಡು ಹನ್ನೆರಡೂವರೆಯಲ್ಲಿ ನಿಂತಿತು. ಹಿಂದೆ 400 ಓಮು ಹಾಕಿದಾಗ ನಾವು ಮಾಡಿದ್ದು ಜ್ವರದ ಕಾರಣವನ್ನು ಹುಡುಕದೆ ತಣ್ಣೀರು ಪಟ್ಟಿ ಕಟ್ಟಿದಂತೆ. ಯಂತ್ರ ತಣ್ಣಗಿರುವಾಗ ವಾಲ್ವಿಗೆ ಅರೆಹೊಟ್ಟೆ, ಬಿಸಿಯಾದ ಮೇಲೆ ಅಜೀರ್ಣ.

ಬೇರೆ ದೋಷಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಕ್ಯಾಥೋಡಿನಲ್ಲಿ ವೋಲ್ಟೇಜೇ ಇಲ್ಲದೆ ಪ್ಲೇಟು ಕೆಂಪಾದರೆ, ಕ್ಯಾಥೋಡಿನ ರೆಸಿಸ್ಟರಿಗೆ ಪಕ್ಕದಲ್ಲಿ ಕಟ್ಟಿರುವ ಎಲೆಕ್ಟ್ರೊಲಿಟಿಕ್ ಕಂಡೆನ್ಸರು ಒಳಗೇ ಕೂಡಿಕೊಂಡಿರಬಹುದು. ಕ್ಯಾಥೋಡಿನಲ್ಲಿ ವೋಲ್ಟೇಜು ವಿಪರೀತವಾಗಿ ಏರಿ ಧ್ವನಿ ಅಡಗಿದ್ದರೆ, ಆ ರೆಸಿಸ್ಟರೇ ಕಡಿದಿರಬಹುದು. ಅಳತೆ ಒಂದೆಡೆ ನಿಲ್ಲದೆ ಅಲೆದಾಡಿದರೆ, ಗ್ರಿಡ್ಡಿನ ರೆಸಿಸ್ಟರಿನ ಬೆಸುಗೆಯನ್ನು ಅನುಮಾನಿಸಿರಿ. ಆ ರೆಸಿಸ್ಟರು 6ವಿ6ರಲ್ಲಿ, ನಾವು ಹೇಳಿದ ಕ್ಯಾಥೋಡು ಬಯಾಸಿನ ಕ್ರಮದಲ್ಲಾದರೆ, ಐದು ಲಕ್ಷ ಓಮನ್ನು ಮೀರಬಾರದು. ಪ್ರತ್ಯೇಕವಾದ ಋಣ ಸರಬರಾಜಿನಿಂದ ಸ್ಥಿರ ಬಯಾಸನ್ನು ಕೊಡುವ ಯಂತ್ರಗಳಲ್ಲಿ ಒಂದು ಲಕ್ಷವನ್ನು ಮೀರಬಾರದು. ಅಲ್ಲಿ ನೀರುಗಂಟಿಯ ಕಾವಲಿಲ್ಲ. ಅಂಥ ಯಂತ್ರದಲ್ಲಿ ಬಯಾಸನ್ನು ತಿದ್ದುವ ತಿರುಗುಣಿಯ ಸ್ಪರ್ಶ ತಪ್ಪಿಹೋದರೆ ಬಯಾಸು ಸೊನ್ನೆಯಾಗದೆ ಅತಿ ಋಣದ ಕಡೆಗೇ ಹೋಗುವಂತೆ ಒಂದು ರೆಸಿಸ್ಟರನ್ನು ಜೋಡಿಸಿಡುವುದು ವಿವೇಕ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ವಾಲ್ವು ಹೋದರೆ ಇನ್ನೊಂದನ್ನು ತರಬಹುದು. ಈ ಯಂತ್ರದ 250 ವೋಲ್ಟು ಪ್ರಾಣಾಂತಿಕವಾದುದು. ಸ್ವಿಚ್ಚನ್ನು ಆರಿಸಿದ ಮೇಲೆಯೂ ಅದು ಶೋಧಕ ಕಂಡೆನ್ಸರುಗಳಲ್ಲಿ ಅವಿತಿರುತ್ತದೆ. ಆದ್ದರಿಂದ ಯಂತ್ರದೊಳಗೆ ಕೈಯಿಡುವ ಮೊದಲು ಮೈನ್ಸಿನ ಪ್ಲಗ್ಗನ್ನು ಕಿತ್ತು, ಅವಾಹಕದ ಹಿಡಿಯುಳ್ಳ ಕಡ್ಡಿಗೆ ಕೆಲವು ಸಾವಿರ ಓಮಿನ ದಪ್ಪ ರೆಸಿಸ್ಟರನ್ನು ಕಟ್ಟಿ, ಅದರಿಂದ ಕಂಡೆನ್ಸರನ್ನು ಬರಿದುಮಾಡಿ, ಬರಿದಾಯಿತೆಂಬುದನ್ನು ಮೀಟರಿನಿಂದ ನೋಡಿಕೊಳ್ಳಬೇಕು. ನಡೆಯುತ್ತಿರುವ ಯಂತ್ರವನ್ನು ಅಳೆಯುವಾಗ ಮೀಟರಿನ ಋಣದ ತಂತಿಯನ್ನು ಮೊದಲೇ ಪೀಠಕ್ಕೆ ಕಚ್ಚಿಸಿ, ಒಂದೇ ಕೈಯಿಂದ ಕೆಲಸಮಾಡಿ, ಇನ್ನೊಂದನ್ನು ಜೇಬಿನಲ್ಲಿಡಬೇಕು. ಮನೆಯಲ್ಲಿ ಯಾರೂ ಇಲ್ಲದ ವೇಳೆಯಲ್ಲಿ ಇದಕ್ಕೆ ತೊಡಗಲೇಬಾರದು.

ಕ್ಯಾಥೋಡಿನ ರೆಸಿಸ್ಟರನ್ನು ಅಳೆಯಿರಿ. ಅದರ ಮೇಲಿನ ವೋಲ್ಟೇಜನ್ನು ಅಳೆಯಿರಿ. ಭಾಗಿಸಿ ಪ್ರವಾಹವನ್ನು ತಿಳಿಯಿರಿ. ಆಮೇಲೆ ಗ್ರಿಡ್ಡನ್ನು ತಕ್ಕ ಮೀಟರಿನಿಂದ ನೋಡಿರಿ. ತಣ್ಣಗಿರುವಾಗ ಒಮ್ಮೆ, ಒಂದು ಗಂಟೆ ಕಾದ ಮೇಲೆ ಇನ್ನೊಮ್ಮೆ, ಎರಡನ್ನೂ ಕಾಗದದ ಮೇಲೆ ಬರೆದಿಡಿರಿ. ಕಾರಣ ತಿಳಿಯುವವರೆಗೂ ಯಾವ ಭಾಗವನ್ನೂ ಬದಲಾಯಿಸಬೇಡಿರಿ. ನಮ್ಮ ಮೀಟರಿಗಿಂತ ಮೊದಲೇ ದೋಷವನ್ನು ಕಂಡುಹಿಡಿದವರು ತಾಯಿಯವರು. ಆದ್ದರಿಂದ ಮನೆಯಲ್ಲಿ ಕೇಳುವವರ ಕಿವಿಯ ಮಾತನ್ನೂ ತಳ್ಳಿಹಾಕಬೇಡಿರಿ. ಆ ತಟ್ಟೆಯನ್ನು ಈಗ ಹಾಕಿದರೆ ಹಾಡುವವರ ಗಂಟಲು ತಿಳಿಯಾಗಿ ಕೇಳುತ್ತದೆ.