ಹೊಸತು ಹುಟ್ಟಿದ ಮೇಲೆ ಅದನ್ನು ಸಾಕುವವರು ಯಾರು?



ಬಂಟ್ವಾಳ ತಾಲೂಕಿನ ಸಜೀಪಮೂಡದ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕ್ ಮಾಡಿದ್ದನ್ನು 2019ರಲ್ಲಿ ದೇಶವೇ ಬೆರಗಿನಿಂದ ನೋಡಿತು. ಅದೇ ತಾಲೂಕಿನ ಅಡ್ಯನಡ್ಕದ ಬಳಿ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು, ನೀರು ಬರಿಸಿ, ತೋಟ ಎಬ್ಬಿಸಿದರು. 2022ರಲ್ಲಿ ಪದ್ಮಶ್ರೀ ಅವರ ಮನೆಗೇ ಹುಡುಕಿಕೊಂಡು ಬಂತು. ಹೊಸದನ್ನು ಯೋಚಿಸುವವರಿಗೆ ನಮ್ಮ ಸೀಮೆಯಲ್ಲಿ ಯಾವತ್ತೂ ಬರವಿಲ್ಲ.

ಆದರೆ ಒಬ್ಬ ಮನುಷ್ಯನಿಗೆ ಇರುವ ಸ್ವಾತಂತ್ರ್ಯ ಒಂದು ಸಂಸ್ಥೆಗೆ ಇರುವುದಿಲ್ಲ. ಅಲ್ಲಿ ಬೈಲಾ ಇದೆ, ನಿರ್ದೇಶಕರಿದ್ದಾರೆ, ಮಹಾಸಭೆ ಇದೆ, ಆಡಿಟ್ ಇದೆ. ಎಲ್ಲಕ್ಕಿಂತ ಮೇಲಾಗಿ ಸದಸ್ಯರ ದುಡ್ಡಿದೆ. ಇಷ್ಟನ್ನು ಹೊತ್ತುಕೊಂಡೂ ನಮ್ಮ ಕೆಲವು ಸಂಸ್ಥೆಗಳು ತಮಗೆ ಏನೇನೂ ಗೊತ್ತಿಲ್ಲದ ಕೆಲಸಕ್ಕೆ ಕೈಹಾಕಿ, ದಶಕಗಳ ಕಾಲ ಅದನ್ನು ನಡೆಸಿಕೊಂಡು ಬಂದಿವೆ. ಅದು ಹೇಗೆ ಸಾಧ್ಯವಾಯಿತು ಎಂಬುದೇ ಇವತ್ತಿನ ನನ್ನ ವಿಷಯ.

ಕ್ಯಾಂಪ್ಕೋದಿಂದ ತೊಡಗುತ್ತೇನೆ. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದಾಗ ಕೃಷಿಕರಿಗೆ ಗಟ್ಟಿಯಾಗಿ ನಿಂತು ಕೊಳ್ಳುವ ಕೈ ಬೇಕಿತ್ತು. ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರು ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಒಂದುಗೂಡಿಸಿದರು. 1973ರ ಜುಲೈ 11ರಂದು ಕ್ಯಾಂಪ್ಕೋ ಹುಟ್ಟಿತು. ಅಡಿಕೆ ಬೆಳೆ ರಾಜ್ಯದ ಗಡಿ ನೋಡುವುದಿಲ್ಲ, ಹಾಗಾಗಿ ಸಹಕಾರವೂ ನೋಡಬಾರದು ಎಂಬುದು ಆ ಕಾಲಕ್ಕೆ ದೊಡ್ಡ ಯೋಚನೆ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಅದರ ಎರಡನೆಯ ಹೆಜ್ಜೆ. ಅಡಿಕೆ ತೋಟದ ನೆರಳಿನಲ್ಲಿ ಕೊಕ್ಕೊ ಬೆಳೆಯಬಹುದೆಂದು ನಮ್ಮ ಕೃಷಿಕರು ಉತ್ಸಾಹದಿಂದ ಗಿಡ ನೆಟ್ಟಿದ್ದರು. 1956ರಿಂದ ವಿಟ್ಲದಲ್ಲಿರುವ ಅಡಿಕೆ ಸಂಶೋಧನಾ ಕೇಂದ್ರವೂ ಈ ಮಿಶ್ರಬೆಳೆಯ ಬಗ್ಗೆ ಕೆಲಸ ಮಾಡಿತು. ಗಿಡಗಳು ಫಸಲು ಕೊಡುವ ಹೊತ್ತಿಗೆ, ಅಂದರೆ 1980ರ ಆಸುಪಾಸಿನಲ್ಲಿ, ಜಾಗತಿಕ ಬೆಲೆ ಬಿತ್ತು. ಕೊಳ್ಳುತ್ತಿದ್ದವರು ಹಿಂದೆ ಸರಿದರು. ಕೊಕ್ಕೊ ಬೆಳೆದವರಿಗೆ ಇದು ಎಂಥ ಪೆಟ್ಟು ಎಂದು ತಿಳಿಯಬೇಕಾದರೆ ಬೀಜದ ಸ್ವಭಾವ ತಿಳಿದಿರಬೇಕು. ಚಾಲಿ ಅಡಿಕೆಯನ್ನು ಚೆನ್ನಾಗಿ ಒಣಗಿಸಿ ಅಟ್ಟದಲ್ಲಿಟ್ಟರೆ ಧಾರಣೆ ಬರುವ ತನಕ ಕಾಯಬಹುದು. ಕೊಕ್ಕೊ ಕೋಡು ಒಡೆದ ಮೇಲೆ ಹಸಿಬೀಜ ಹಾಗೆ ಕಾಯುವುದಿಲ್ಲ. ತಡಮಾಡದೆ ಅದನ್ನು ಒಟ್ಟುಹಾಕಿ ಐದಾರು ದಿನ ಹುದುಗಿಸಬೇಕು, ನಡುನಡುವೆ ಮಗುಚಬೇಕು, ಆಮೇಲೆ ಒಣಗಿಸಬೇಕು. ಹುದುಗು ಕೆಟ್ಟರೆ ಚಾಕೊಲೇಟಿನ ಪರಿಮಳವೇ ಇಲ್ಲ. ಕೊಯ್ಲಿನ ದೊಡ್ಡ ಪಾಲು ಬೀಳುವುದೋ ಮಳೆಗಾಲದ ಅಂಚಿಗೆ, ಬಿಸಿಲೇ ಇಲ್ಲದ ದಿನಗಳಲ್ಲಿ. ಕೊಳ್ಳುವವರಿಲ್ಲದ ಹಸಿಬೀಜ ಎಂದರೆ ಅಂಗಳದಲ್ಲೇ ಕೊಳೆಯುವ ದುಡ್ಡು. ಎಷ್ಟೋ ಮಂದಿ ಗಿಡಗಳನ್ನು ಕಡಿದೇ ಹಾಕಿದರು.

ಆಗ ಕ್ಯಾಂಪ್ಕೋ ಕೊಕ್ಕೊ ಖರೀದಿಗೆ ಇಳಿಯಿತು. ಹೇಳುವಾಗ ಒಂದೇ ಮಾತು, ಮಾಡುವಾಗ ಇಡೀ ಸಂಸ್ಥೆಯ ನಡಿಗೆಯೇ ಬದಲಾಗಬೇಕು. ಅಡಿಕೆಯ ಗುಣ ನೋಡುವ ಕಣ್ಣಿಗೆ ಕೊಕ್ಕೊದ ಗುಣ ತಿಳಿಯದು. ಗೋದಾಮಿನಲ್ಲಿ ದಾಸ್ತಾನಿಟ್ಟು ಮಾರುವ ವ್ಯಾಪಾರಕ್ಕೆ ಒಗ್ಗಿದವರು ದಿನಗಳೊಳಗೆ ಸಂಸ್ಕರಿಸಲೇಬೇಕಾದ ಸರಕನ್ನು ನಿಭಾಯಿಸುವುದನ್ನು ಕಲಿಯಬೇಕು. ಬರೇ ಒಣಬೀಜ ಮಾರಿದರೆ ಮತ್ತೆ ಹೊರಗಿನ ಬೆಲೆಯ ಹಂಗು. ಆದ್ದರಿಂದ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ ಎದ್ದಿತು. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯೊಂದು ಚಾಕೊಲೇಟ್ ಮಾಡಿ, ದೊಡ್ಡ ಕಂಪೆನಿಗಳ ಎದುರು ಅಂಗಡಿಯ ಕಪಾಟಿನಲ್ಲಿ ಜಾಗ ಹಿಡಿಯಬೇಕಿತ್ತು. ಇಂದಿಗೂ ಅದು ಸುಲಭದ ವ್ಯಾಪಾರವಲ್ಲ. ಆದರೂ ಕಾರ್ಖಾನೆ ನಡೆಯುತ್ತಿದೆ, ಹಸಿಬೀಜಕ್ಕೆ ಕೊಳ್ಳುವವರಿದ್ದಾರೆ.

ಇಲ್ಲಿ ನಾಯಕತ್ವ ಎಂದರೇನು? ಕಾರ್ಖಾನೆಯ ಕನಸು ಕಂಡದ್ದು ಎಂದು ಹೇಳಿಬಿಡಬಹುದು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಕಷ್ಟದ ಕೆಲಸ ಬೇರೆ ಇತ್ತು. ಅಡಿಕೆಗಾಗಿ ಪಾಲುಬಂಡವಾಳ ಹಾಕಿದ ಸದಸ್ಯನಿಗೆ, ನಿನ್ನ ತೋಟದ ಎರಡನೇ ಬೆಳೆಯೂ ನಮ್ಮ ಜವಾಬ್ದಾರಿ, ಅದಕ್ಕಾಗಿ ಕೆಲವು ವರ್ಷ ತಾಳಿಕೊಳ್ಳಬೇಕು ಎಂದು ಮನದಟ್ಟು ಮಾಡಿಸುವುದು. ಸಂಸ್ಥೆ ಹೊಸ ಕೆಲಸಕ್ಕೆ ಕೈಹಾಕಿದಾಗ ಮೊದಲ ಲೆಕ್ಕಪತ್ರ ಎಂದೂ ಚಂದ ಕಾಣುವುದಿಲ್ಲ. ಆ ವರ್ಷಗಳನ್ನು ದಾಟಿಸುವ ವಿಶ್ವಾಸವನ್ನು ಮೊದಲೇ ಗಳಿಸಿಟ್ಟಿರಬೇಕು. ಅಡಿಕೆಗೆ ಸರಿಯಾಗಿ ತೂಗಿ ಸರಿಯಾಗಿ ದುಡ್ಡು ಕೊಟ್ಟ ವರ್ಷಗಳೇ ಕೊಕ್ಕೊದ ಮೂಲ ಬಂಡವಾಳ ಎಂದು ನಾನು ನಂಬಿದ್ದೇನೆ.

ಬೆಳ್ತಂಗಡಿಯ ಕಡೆ ಬರೋಣ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಆರಂಭವಾದದ್ದು ಆ ತಾಲೂಕಿನ ಸಣ್ಣ ರೈತರಿಗಾಗಿ. ಮೊದಮೊದಲು ಅದು ನೇರವಾಗಿ ನೆರವು ಕೊಡುತ್ತಿತ್ತು. ಕೊಡುವ ಕೈಗೂ ಪಡೆಯುವ ಕೈಗೂ ಹಿತವೆನಿಸುವ ಆ ಕ್ರಮವನ್ನು ಯೋಜನೆ ತಾನಾಗಿಯೇ ಬದಲಿಸಿತು. ತೊಂಬತ್ತರ ದಶಕದ ಆರಂಭದಲ್ಲಿ ಪ್ರಗತಿಬಂಧು ಗುಂಪುಗಳು ಬಂದವು. ಅಕ್ಕಪಕ್ಕದ ಐದರಿಂದ ಎಂಟು ಸಣ್ಣ ಹಿಡುವಳಿದಾರರು ಸೇರಿ, ವಾರಕ್ಕೊಂದು ದಿನ ಸರದಿಯಲ್ಲಿ ಒಬ್ಬೊಬ್ಬರ ಜಮೀನಿನಲ್ಲಿ ದುಡಿಯುವುದು. ವಾರವಾರ ಸಭೆ, ಸಣ್ಣ ಉಳಿತಾಯ, ಅದರ ಮೇಲೆ ಸಾಲ. ಆಳು ಇಡುವಷ್ಟು ದುಡ್ಡಿಲ್ಲದ ಮನೆಗೆ ಒಂದೇ ದಿನ ಏಳೆಂಟು ಜೊತೆ ಕೈಗಳು ಬಂದಾಗ, ಒಬ್ಬನೇ ಮಾಡಿದರೆ ವರ್ಷವಾದರೂ ಮುಗಿಯದ ಕೆರೆಯ ಹೂಳೆತ್ತುವಿಕೆ, ತೋಟದ ಕಣಿ ತೋಡುವಿಕೆ ಮುಗಿಯುತ್ತವೆ. ಹಳ್ಳಿಯಲ್ಲಿ ಮೊದಲಿಂದಲೂ ಇದ್ದ ಮುಯ್ಯಾಳು ಪದ್ಧತಿಗೆ ಸಂಸ್ಥೆ ಒಂದು ದಿನವನ್ನೂ ಒಂದು ಪುಸ್ತಕವನ್ನೂ ಕೊಟ್ಟಿತು. ದಿನ ಎಂದರೆ ವಾರದ ದುಡಿಮೆ, ಪುಸ್ತಕ ಎಂದರೆ ಅದರ ಲೆಕ್ಕ. ಈ ಎರಡು ಇಲ್ಲದಿದ್ದರೆ ಪ್ರಗತಿಬಂಧು ಒಂದು ಒಳ್ಳೆಯ ಭಾಷಣವಾಗಿ ಉಳಿಯುತ್ತಿತ್ತು.

ಇಲ್ಲೊಂದು ಕಳವಳವನ್ನೂ ಹೇಳಬೇಕು. ಇಂಥ ಕೆಲಸ ಒಂದು ತಾಲೂಕಿನಿಂದ ರಾಜ್ಯದಗಲ ಹಬ್ಬುವಾಗ ಅದರ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ಸಾಲ ಬೇಗ ಹೋಗುತ್ತದೆ, ಒಟ್ಟಾಗಿ ದುಡಿಯುವ ಅಭ್ಯಾಸ ನಿಧಾನ. ಸ್ವಸಹಾಯ ಸಂಘ ನಡೆಸುವ ಯಾರೇ ಆಗಲಿ, ಮೊದಲು ಕೇಳಬೇಕಾದ್ದು ಎಷ್ಟು ಸಾಲ ಕೊಟ್ಟಿರಿ ಎಂದಲ್ಲ. ಈ ವಾರ ಯಾರ ಜಮೀನಿನಲ್ಲಿ ಸೇರಿದಿರಿ ಎಂದು.

ಉಜಿರೆಯ ರುಡ್‌ಸೆಟ್ ಸಂಸ್ಥೆಯೂ 1982ರದೇ ಕೂಸು. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಎಜುಕೇಷನಲ್ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಕಟ್ಟಿದ್ದು. ನಿರುದ್ಯೋಗಿ ಯುವಕ ಯುವತಿಯರಿಗೆ ಉಚಿತ ವಸತಿ, ಕೆಲವೇ ವಾರಗಳ ತರಬೇತಿ. ತರಬೇತಿ ಕೊಡುವವರು ಎಲ್ಲೆಲ್ಲೂ ಇದ್ದರು. ಇವರ ವಿಶೇಷ ಪ್ರಮಾಣಪತ್ರ ಕೊಟ್ಟ ಮರುದಿನ ಶುರುವಾಗುತ್ತಿತ್ತು. ಊರಿಗೆ ಹೋದ ಹುಡುಗ ಅಂಗಡಿ ತೆರೆದನೇ, ಬ್ಯಾಂಕ್ ಸಾಲ ಕೊಟ್ಟಿತೇ, ಎಲ್ಲಿ ಎಡವಿದ ಎಂದು ಬೆನ್ನು ಬಿಡದೆ ವಿಚಾರಿಸುವುದು ಸಂಸ್ಥೆಯ ಕರ್ತವ್ಯವೇ ಆಯಿತು. ಇದೇ ಮಾದರಿಯನ್ನು ಕೇಂದ್ರ ಸರಕಾರ 2009ರಿಂದ ಜಿಲ್ಲೆಗೊಂದು ಆರ್‌ಸೆಟಿ ಎಂದು ದೇಶಕ್ಕೆಲ್ಲ ಹಬ್ಬಿಸಿತು. ಇಂದು ಐನೂರಕ್ಕೂ ಹೆಚ್ಚು ಇವೆ. ಇನ್ನೊಂದು ವಿಷಯ ಗಮನಿಸಿ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ, ಪಿಗ್ಮಿ ಠೇವಣಿಯ ಮೂಲಕ ಮನೆಬಾಗಿಲಿಗೆ ಬಂದು ಆಣೆಗಳಲ್ಲಿ ಉಳಿತಾಯ ಕಲಿಸಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಕೆನರಾದೊಳಗೆ ವಿಲೀನವಾಯಿತು. ಕಟ್ಟಿದವರಲ್ಲಿ ಒಬ್ಬರ ಹೆಸರೇ ಅಳಿದರೂ ರುಡ್‌ಸೆಟ್ ನಿಂತಿದೆ.

ಕೊನೆಗೆ ನಿಮ್ಮ ಊರು, ಮೂಡುಬಿದಿರೆ. ಧವಳಾ, ಜಯಧವಳಾ ಮೊದಲಾದ ಜೈನ ಸಿದ್ಧಾಂತ ಗ್ರಂಥಗಳ ಹಳಗನ್ನಡ ಲಿಪಿಯ ತಾಡವೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ ಕೀರ್ತಿ ಈ ಊರಿನದು. ಬಹುಕಾಲ ಅವು ದರ್ಶನಕ್ಕೆ ಮಾತ್ರ ಇದ್ದವು. ಪ್ರತಿ ಮಾಡಲು ಅನುಮತಿ ದೊರೆತದ್ದು, ಪ್ರತಿಗಳು ಹೊರಗೆ ಹೋದದ್ದು, 1939ರಲ್ಲಿ ವಿದ್ವಾಂಸ ಹೀರಾಲಾಲ ಜೈನರು ಧವಳಾದ ಮೊದಲ ಸಂಪುಟ ಮುದ್ರಿಸಿದ್ದು, ಅದು ಹದಿನಾರು ಸಂಪುಟಗಳಾಗಿ ಮುಗಿದದ್ದು, ಎಲ್ಲಕ್ಕೂ ದಶಕಗಳು ಹಿಡಿದವು. ಆ ತಡವನ್ನು ಜಡತೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಕಳೆದುಹೋದರೆ ಮತ್ತೆ ಸಿಗದ ವಸ್ತುವನ್ನು ಕೈಯಲ್ಲಿ ಹಿಡಿದವರಿಗೆ ಹೆದರಿಕೆ ಸಹಜ. ಕಾಪಾಡಿದವರು, ತೆರೆದವರು ಇಬ್ಬರೂ ಬೇಕಿತ್ತು.

ಈಗ ನಮ್ಮ ಮುಂದಿರುವ ಕೆಲಸ. ನಮ್ಮ ತಾಲೂಕುಗಳ ಅಡಿಕೆ ತೋಟಗಳಲ್ಲಿ ಕೊಳೆರೋಗದ ಜೊತೆಗೆ ಎಲೆಚುಕ್ಕಿ ರೋಗವೂ ಬಂದಿದೆ, ಮದ್ದು ಬಿಡಲು ಮರ ಏರುವವರು ಸಿಗುತ್ತಿಲ್ಲ. ಕಾರ್ಬನ್ ಫೈಬರ್ ದೋಟಿಯಿಂದ ನೆಲದಲ್ಲೇ ನಿಂತು ಮದ್ದು ಬಿಡಬಹುದು, ಕೊಯ್ಯಬಹುದು. ಆದರೆ ದೋಟಿ ದುಬಾರಿ, ಹಿಡಿಯಲು ಅಭ್ಯಾಸ ಬೇಕು, ಕೆಟ್ಟರೆ ರಿಪೇರಿಯವರು ಬೇಕು. ಇದು ಒಬ್ಬೊಬ್ಬ ಕೃಷಿಕನಿಂದ ಆಗುವಂಥದ್ದಲ್ಲ. ನಮ್ಮ ಪ್ರತಿ ಊರಿನ ಕೃಷಿ ಪತ್ತಿನ ಸೊಸೈಟಿ ಸಾಲ, ಗೊಬ್ಬರ, ಪಡಿತರ ಎಲ್ಲ ನೋಡಿಕೊಳ್ಳುತ್ತದೆ. ದೋಟಿ ತಂಡವೊಂದನ್ನು ಕಟ್ಟಿ, ಸಂಬಳ ಕೊಟ್ಟು, ಸದಸ್ಯರ ತೋಟಗಳಿಗೆ ಸರದಿಯಲ್ಲಿ ಕಳಿಸುವುದು ಅದರ ಕೈಮೀರಿದ್ದಲ್ಲ. ಮೊದಲೆರಡು ವರ್ಷ ನಷ್ಟವಾಗಬಹುದು. ಆ ನಷ್ಟಕ್ಕೆ ಬಜೆಟ್‌ನಲ್ಲೇ ಒಂದು ಸಾಲು ಬರೆದಿಟ್ಟರೆ ಕಾರ್ಯದರ್ಶಿ ಆಡಿಟರ್ ಮುಂದೆ ತಲೆತಗ್ಗಿಸಬೇಕಾಗುವುದಿಲ್ಲ. ಏನು ಮಾಡಿ ನೋಡಿದೆವು, ಏನು ಕೈಕೊಟ್ಟಿತು ಎಂಬ ಒಂದು ಪುಟ ವಾರ್ಷಿಕ ವರದಿಯಲ್ಲಿ ಇರಲಿ. ಸೆಪ್ಟೆಂಬರಿನ ಮಹಾಸಭೆಯಲ್ಲಿ ಡಿವಿಡೆಂಡ್ ಎಷ್ಟು ಎಂದು ಕೇಳಿದ ಮೇಲೆ ನಿಮ್ಮಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು ಆ ಪುಟ ಎಲ್ಲಿ ಎಂದು ಕೇಳಿ. ವರದಿಯಲ್ಲಿ ಇಲ್ಲವೆಂದಾದರೆ, ಮುಂದಿನ ವರ್ಷಕ್ಕೆ ಅದನ್ನು ಸೇರಿಸಬೇಕೆಂದು ಅಲ್ಲೇ ನಿರ್ಣಯ ಬರೆಸಿ.