ಕಳೆ ಔಷಧಿ ಮತ್ತು ದರಗಿನಡಿಯ ಜೀವಿಗಳು

(ರಜತ ಮಹೋತ್ಸವದ ರೈತ ಗೋಷ್ಠಿಯಲ್ಲಿ ಆಡಿದ ಮಾತು)



ಆಳು ಸಿಗದ ಈ ಕಾಲದಲ್ಲಿ ಕಳೆ ಔಷಧಿ ಬೇಡ ಅನ್ನುವುದು ಸುಲಭವಲ್ಲ. ನಮ್ಮ ಸಂಘದ ಮಳಿಗೆಯಲ್ಲೂ ಅದು ಮಾರಾಟಕ್ಕಿದೆ, ಲಾಭವೂ ಇದೆ. ಆದರೂ ನಿರ್ದೇಶಕರಾದ ನಾವೇ ಈ ವಿಷಯ ಎತ್ತಬೇಕಾಗಿದೆ.

ಅಡಿಕೆ ತೋಟದ ದರಗು ಸರಿಸಿ ನೋಡಿ. ಸಾಸಿವೆ ಕಾಳಿನಷ್ಟೂ ಇಲ್ಲದ ಹುಳ ಚಂಗನೆ ಚಿಮ್ಮುತ್ತೆ. ಹೊಟ್ಟೆಯಡಿ ಮಡಚಿಟ್ಟ ಕವಲು ಬಾಲವನ್ನು ನೆಲಕ್ಕೆ ಬಡಿದು ಹಾರುವ ಇದಕ್ಕೆ ಸ್ಪ್ರಿಂಗ್‌ಟೇಲ್ ಅಂತಾರೆ. ಇದು, ಮಣ್ಣಿನ ನುಸಿ, ಎರೆಹುಳು ಎಲ್ಲಾ ಸೇರಿ ದರಗನ್ನು ಗೊಬ್ಬರ ಮಾಡುತ್ತವೆ. ಸಂಬಳ ಕೇಳದ ಆಳುಗಳು!

"ಔಷಧಿ ಗಿಡಕ್ಕೆ ತಾನೆ, ಹುಳಕ್ಕೇನು?" ಅನ್ನುವವರಿದ್ದಾರೆ. ಅರ್ಧ ನಿಜ. ಗ್ಲೈಫೋಸೇಟ್ ಗಿಡದೊಳಗಿನ ಒಂದು ಕ್ರಿಯೆಯನ್ನು ತಡೆದು ಕೊಲ್ಲುತ್ತದೆ. ಆ ಕ್ರಿಯೆ ಹುಳಗಳಲ್ಲಿಲ್ಲ, ಆದರೆ ಬೂಷ್ಟು, ಶಿಲೀಂಧ್ರಗಳಲ್ಲಿದೆ. ಸ್ಪ್ರಿಂಗ್‌ಟೇಲ್ ಮುಖ್ಯವಾಗಿ ತಿನ್ನುವುದೇ ಅವನ್ನು. ಕಳೆ ಸತ್ತರೆ ನೆರಳು, ತೇವವೂ ಹೋಯ್ತು. ವಿಯೆನ್ನಾದ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಕುಂಡದ ಪ್ರಯೋಗದಲ್ಲಿ, ಗ್ಲೈಫೋಸೇಟ್ ಹೊಡೆದ ಮೂರು ತಿಂಗಳಲ್ಲಿ ಒಂದು ಜಾತಿಯ ಎರೆಹುಳದ ಸಂತಾನ ಶೇ. 56ರಷ್ಟು ಇಳಿಯಿತು. ಇನ್ನೊಂದು ಜಾತಿ ಮೂರೇ ವಾರದಲ್ಲಿ ಮೇಲೆ ಹಿಕ್ಕೆ ಹಾಕುವುದನ್ನು ಹೆಚ್ಚುಕಮ್ಮಿ ನಿಲ್ಲಿಸಿತು. ಅಲ್ಲಿಯ ಮಣ್ಣು ಬೇರೆ, ಹುಳವೂ ಬೇರೆ. ಎಲ್ಲ ಪ್ರಯೋಗಗಳೂ ಇಷ್ಟು ಹಾನಿ ತೋರಿಸಿಲ್ಲ ಅನ್ನುವುದನ್ನೂ ಹೇಳಬೇಕು.

ನಮ್ಮ ಸಲಹೆ ಇಷ್ಟೆ. ಸಂಘ ಎರಡು ಕಳೆ ಕೊಚ್ಚುವ ಮಿಷನ್ ತಂದು ಬಾಡಿಗೆಗೆ ಕೊಡಲಿ. ಕೊಚ್ಚಿದ ಕಳೆಯನ್ನು ಮರದ ಬುಡಕ್ಕೇ ಹಾಕೋಣ. ಹೊಡೆದೇ ತೀರುತ್ತೇವೆ ಅನ್ನುವವರು ಒಂದೆರಡು ಸಾಲಾದರೂ ಬಿಟ್ಟು ಹೊಡೆಯಲಿ; ಮಳೆಗಾಲ ಮುಗಿದ ಮೇಲೆ ಎರಡೂ ಕಡೆ ದರಗು ಸರಿಸಿ ನೋಡಲಿ. ಬರುವ ಸಾಮಾನ್ಯ ಸಭೆಗೆ ನಾವು ಈ ಠರಾವು ತರುತ್ತೇವೆ. ಪೆಟ್ರೋಲ್ ಖರ್ಚು ಯಾರದು ಅನ್ನೋ ಚರ್ಚೆ ಅಲ್ಲೇ ಆಗಲಿ.